ಎಡಗೈ ಬಲಗೈ ತಿಳಿಯದ ಊರಿಗೆ

ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ಸಭಾಪಾಲಕರೊಬ್ಬರ ಉತ್ತರ. ಈ ತಿಂಗಳು ಬಂದ ಪತ್ರಗಳಲ್ಲಿ ಮೂರು, ದೇವರ ಕರೆಗೂ ಒಳಗಿನ ಪೂರ್ವಗ್ರಹಕ್ಕೂ ನಡುವಿನ ಒಂದೇ ಗಂಟನ್ನು ಮೂರು ಕಡೆಯಿಂದ ಹಿಡಿದು ಎಳೆಯುತ್ತಿರುವುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಾನ್ಯ ಅಯ್ಯನವರಿಗೆ ವಂದನೆಗಳು. ನಾನು ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ನಮ್ಮ ಮನೆತನದವರು ಕ್ರೈಸ್ತರಾಗಿ ಮೂರು ತಲೆಮಾರಾಯಿತು. ಊರಿನ ಅಂಚಿನ ಕಾಲೊನಿಯ ಏಳೆಂಟು ಕುಟುಂಬಗಳು ಎರಡು ವರ್ಷಗಳಿಂದ ನಮ್ಮ ಸಭೆಗೆ ಬರುತ್ತಿವೆ. ಅವರ ಮಕ್ಕಳಿಗೆ ಭಾನುವಾರ ಸಂಜೆ ಕಾಲೊನಿಯಲ್ಲಿಯೇ ಸಂಡೇ ಸ್ಕೂಲ್ ನಡೆಸಿಕೊಡಿ ಎಂದು ನಮ್ಮ ಸಭಾಪಾಲಕರು ಕೇಳಿದಾಗ ಮೊದಲು ಆಗದೆಂದೆ. ಆದರೆ ಪ್ರಾರ್ಥನೆಗೆ ಕುಳಿತಾಗಲೆಲ್ಲ ಆ ಮಕ್ಕಳೇ ಕಣ್ಣ ಮುಂದೆ ಬರುತ್ತಾರೆ, ಇದು ದೇವರ ಕರೆಯೆಂಬುದರಲ್ಲಿ ನನಗೀಗ ಸಂಶಯವಿಲ್ಲ. ತೊಡಕಿರುವುದು ನನ್ನಲ್ಲಿ. ನಾವು ಒಂದು ಕೈಯವರು, ಅವರು ಇನ್ನೊಂದು ಕೈಯವರು. ಯಾವ ಕೈ ಯಾರದೆಂದು ಬರೆಯುವುದಿಲ್ಲ, ನಮ್ಮ ಜಿಲ್ಲೆಯವರಾದ ನಿಮಗೆ ಇಷ್ಟು ಹೇಳಿದರೆ ಸಾಕು. ನಮ್ಮ ಅಜ್ಜಿ ದಿನಾ ಸತ್ಯವೇದ ಓದಿಸಿಕೊಂಡು ಕೇಳುತ್ತಿದ್ದರೂ ಆ ಕೇರಿಯ ನೀರನ್ನು ಸಾಯುವ ತನಕ ಮುಟ್ಟಲಿಲ್ಲ. ನಾನು ಎರಡು ಭಾನುವಾರ ಹೋಗಿ ಬಂದೆ. ಟೀ ಕೊಟ್ಟರು, ನಾನು ಟೀ ಕುಡಿಯುವುದಿಲ್ಲವೆಂದು ಸುಳ್ಳು ಹೇಳಿದೆ. ಮನೆಗೆ ಬಂದು ಕೈಕಾಲು ತೊಳೆಯುವಾಗ, ನಾನು ತೊಳೆಯುತ್ತಿರುವುದು ಧೂಳನ್ನಲ್ಲವೆಂದು ನನಗೇ ತಿಳಿಯಿತು. ಇಂಥ ಮನಸ್ಸಿಟ್ಟುಕೊಂಡು ದೇವರ ಕೆಲಸ ಮಾಡುವುದು ಕಪಟವಲ್ಲವೇ? ಮನಸ್ಸು ಶುದ್ಧವಾಗುವವರೆಗೆ ತಡೆದು ಆಮೇಲೆ ಹೋಗುವುದು ಮೇಲಲ್ಲವೇ?
(ಹೆಸರು ಬೇಡವೆಂದಿದ್ದಾರೆ, ಚಿತ್ರದುರ್ಗ ಜಿಲ್ಲೆ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ತಡೆಯಬೇಡಿ, ಬರುವ ಭಾನುವಾರವೇ ಹೋಗಿ. ಮನಸ್ಸು ಶುದ್ಧವಾಗುವವರೆಗೆ ಮನೆಯಲ್ಲಿ ಕುಳಿತವರ ಮನಸ್ಸು ಮನೆಯಲ್ಲಿಯೇ ಶುದ್ಧವಾದದ್ದನ್ನು ನನ್ನ ಸೇವೆಯ ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ. ನನ್ನದಂತೂ ಆಗಲಿಲ್ಲ, ಆ ಕಥೆಯನ್ನು ಮುಂದೆ ಹೇಳುತ್ತೇನೆ.

ದೇವರ ಕರೆಗೂ ಒಳಗಿನ ಅಸಹ್ಯಕ್ಕೂ ನಡುವೆ ಸಿಕ್ಕಿಕೊಂಡವರಲ್ಲಿ ನೀವು ಮೊದಲಿಗರಲ್ಲ. ಸತ್ಯವೇದದ ಪ್ರವಾದಿ, ಅಮಿತ್ತೈಯ ಮಗನಾದ ಯೋನನಿಗೆ ಪೂರ್ವದ ನಿನೆವೆಗೆ ಹೋಗೆಂದು ಅಪ್ಪಣೆಯಾದಾಗ ಅವನು ಯೊಪ್ಪ ಎಂಬ ಬಂದರಿಗೆ ಇಳಿದು, ಪಶ್ಚಿಮದ ತಾರ್ಷೀಷಿಗೆ ಹೊರಟಿದ್ದ ಹಡಗನ್ನು ಹತ್ತಿದನು. ಪ್ರಯಾಣದ ದರವನ್ನು ಕೊಟ್ಟನೆಂದು ಕೂಡ ಅಲ್ಲಿ ಬರೆದಿದೆ. ದೇವರ ಮಾತಿಗೆ ಹೋಗಲು ಒಲ್ಲದವನು ತಪ್ಪಿಸಿಕೊಳ್ಳುವುದಕ್ಕೆ ಕೈಯಿಂದ ಹಣ ಹಾಕಿದ. ಅವನ ದ್ವೇಷಕ್ಕೆ ಕಾರಣವಿರಲಿಲ್ಲವೆಂದು ನಾವು ಸುಲಭವಾಗಿ ಹೇಳಬಾರದು. ನಿನೆವೆ ಅಶ್ಶೂರದ ದೊಡ್ಡ ಪಟ್ಟಣ, ಅಶ್ಶೂರದ ಸೈನ್ಯದ ಕ್ರೌರ್ಯ ಆ ಕಾಲದ ಸಣ್ಣ ರಾಜ್ಯಗಳಿಗೆಲ್ಲ ಗೊತ್ತಿದ್ದ ಸಂಗತಿ, ಮತ್ತು ಮುಂದೆ ಕ್ರಿ.ಪೂ. 722ರಲ್ಲಿ ಇಸ್ರಾಯೇಲಿನ ರಾಜಧಾನಿ ಸಮಾರ್ಯವನ್ನು ಹಿಡಿದು ಯೋನನ ನಾಡಿನವರನ್ನು ಸೆರೆಯೊಯ್ದದ್ದು ಇದೇ ಅಶ್ಶೂರ. ಆದರೂ ಅವನು ಓಡಿದ್ದು ಭಯದಿಂದಲ್ಲವೆಂದು ಯೋನನ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಅವನೇ ಬಾಯಿಬಿಡುತ್ತಾನೆ: ನೀನು ಕನಿಕರವುಳ್ಳ ದೇವರೆಂದು ನನಗೆ ಗೊತ್ತಿತ್ತು, ಅವರನ್ನು ಕ್ಷಮಿಸಿಬಿಡುತ್ತೀಯೆಂದು ಗೊತ್ತಿತ್ತು, ಅದಕ್ಕೇ ಓಡಿದೆ ಎನ್ನುತ್ತಾನೆ. ದೇವರ ಒಳ್ಳೆಯತನವನ್ನೇ ಒಂದು ದೂರನ್ನಾಗಿ ಮಾಡಿ ದೇವರ ಮುಂದಿಟ್ಟ ಪ್ರವಾದಿ ಇವನು.

ನಿಮ್ಮ ಪ್ರಶ್ನೆಗೆ ಬೇಕಾದ ಭಾಗ ಇನ್ನು ಮುಂದಿನದು. ಬಿರುಗಾಳಿಯಲ್ಲಿ ಸಮುದ್ರಕ್ಕೆ ಬಿದ್ದು, ದೊಡ್ಡ ಮೀನೊಂದು ನುಂಗಿ, ಅದರ ಹೊಟ್ಟೆಯಿಂದ ಹೊರಬಂದ ಯೋನನು ನಿನೆವೆಗೆ ಹೋದನು, ಆದರೆ ಮನಸ್ಸು ಬದಲಿಸಿಕೊಂಡು ಹೋಗಲಿಲ್ಲ. ಅವನು ಅಲ್ಲಿ ಸಾರಿದ ಪ್ರಸಂಗ ಇಬ್ರಿಯ ಭಾಷೆಯಲ್ಲಿ ಐದೇ ಪದಗಳದ್ದು. ನಲವತ್ತು ದಿನಗಳಾದ ಮೇಲೆ ಈ ಪಟ್ಟಣ ಕೆಡವಲ್ಪಡುವುದು ಎಂಬಷ್ಟೇ. ಪಶ್ಚಾತ್ತಾಪಪಡಿ ಎಂಬ ಮಾತಿಲ್ಲ, ದೇವರು ಕರುಣಾಳು ಎಂಬ ಮಾತಿಲ್ಲ. ಬೇಕೆಂದೇ ಒಣಗಿಸಿಕೊಟ್ಟ ಪ್ರಸಂಗವದು. ಅಷ್ಟಕ್ಕೇ ಪಟ್ಟಣವೆಲ್ಲ ಪಶ್ಚಾತ್ತಾಪದ ಗುರುತಾಗಿ ಗೋಣಿತಟ್ಟು ಉಟ್ಟುಕೊಂಡಿತು. ಆದ್ದರಿಂದ ಕಪಟದ ಭಯದಿಂದ ನೀವು ನಿಲ್ಲಬೇಕಾಗಿಲ್ಲ. ಸಾರುವವನ ಹೃದಯ ಸರಿಯಿಲ್ಲದಿದ್ದರೂ ಕೇಳುವವರಿಗೆ ಸಿಗಬೇಕಾದ್ದು ಸಿಕ್ಕಿತು. ಆದರೆ ಯೋನನಿಗೆ ಏನೂ ಸಿಗಲಿಲ್ಲ. ಅವನು ಊರ ಹೊರಗೆ ಸೋರೆಗಿಡದ ನೆರಳಿನಲ್ಲಿ ಕುಳಿತು, ಆ ಗಿಡ ಬಾಡಿದಾಗ ಸಾಯುವೆನೆಂದ. ಒಳಗೆ ಹೋಗಿ ಯಾರ ಮನೆಯಲ್ಲಿಯೂ ಅವನು ಕುಳಿತಂತೆ ಆ ಪುಸ್ತಕದಲ್ಲಿ ಒಂದು ಮಾತೂ ಇಲ್ಲ.

ಆಗ ದೇವರು ಕೇಳಿದ ಪ್ರಶ್ನೆಯೊಂದಿಗೆ ಪುಸ್ತಕ ಮುಗಿಯುತ್ತದೆ. ನೀನು ನೆಡದ, ಬೆಳೆಸದ ಗಿಡಕ್ಕಾಗಿ ಮರುಗಿದೆಯಲ್ಲ, ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನರೂ ಬಹಳ ಪಶುಗಳೂ ಇರುವ ಈ ಪಟ್ಟಣಕ್ಕಾಗಿ ನಾನು ಮರುಗಬಾರದೋ ಎಂಬುದು ಆ ಪ್ರಶ್ನೆ. ಬೇರೆ ಸೀಮೆಯವರು ಈ ವಚನವನ್ನು ಓದಿ ಮುಂದೆ ಹೋಗಬಹುದು. ನಮ್ಮ ಸೀಮೆಯವರು ಹೋಗಲಾರರು. ಎಡಗೈ, ಬಲಗೈ ಎಂಬ ಪಂಗಡಗಳು ದಕ್ಷಿಣದಲ್ಲಿ ಶತಮಾನಗಳಷ್ಟು ಹಳೆಯವು. ಒಂದು ಕಾಲದಲ್ಲಿ ಅವುಗಳೊಳಗೆ ವ್ಯಾಪಾರಿಗಳೂ ಕಸುಬುದಾರರೂ ಇದ್ದರು, ಇಂದು ನಮ್ಮಲ್ಲಿ ಆ ಹೆಸರು ಪರಿಶಿಷ್ಟರ ಎರಡು ದೊಡ್ಡ ಸಮುದಾಯಗಳಿಗೆ ಉಳಿದುಕೊಂಡಿದೆ. ಮೇಲಿನವರು ಇಬ್ಬರನ್ನೂ ಊರಾಚೆಗೆ ಇಟ್ಟರು, ಊರಾಚೆಗೆ ಇಟ್ಟವರ ಕಣ್ಣಿನಿಂದಲೇ ಇವರು ಒಬ್ಬರನ್ನೊಬ್ಬರು ನೋಡತೊಡಗಿದರು, ಮತ್ತು ಮೂರು ತಲೆಮಾರಿನ ಸ್ನಾನದೀಕ್ಷೆಯ ನೀರಿಗೂ ಅದು ತೊಳೆದುಹೋಗಲಿಲ್ಲ. ಎಡಗೈ ಬಲಗೈ ತಿಳಿಯದವರೆಂದರೆ ಎಳೆಯ ಮಕ್ಕಳು ಎಂದು ವ್ಯಾಖ್ಯಾನಿಸುವವರೂ ಇದ್ದಾರೆ. ಆ ಅರ್ಥವೇ ಸರಿಯಾದರೆ, ಮೇಷ್ಟ್ರೇ, ನಿಮ್ಮನ್ನು ಕರೆದಿರುವುದು ಅಂಥವರ ಬಳಿಗೇ. ಕಾಲೊನಿಯ ಆರು ವರ್ಷದ ಮಗುವಿಗೆ ತನ್ನದು ಯಾವ ಕೈ, ನಿಮ್ಮದು ಯಾವ ಕೈ ಎಂದು ಇನ್ನೂ ಗೊತ್ತಿಲ್ಲ. ನೀವು ಮುಟ್ಟದೆ ಬಿಟ್ಟ ಟೀ ಲೋಟ ಅದಕ್ಕೆ ಮೊದಲ ಪಾಠವಾಗದಿರಲಿ.

ಯೋನನು ಓಡಿಹೋದ ಯೊಪ್ಪ ಬಂದರಿಗೆ ಸತ್ಯವೇದ ಮತ್ತೊಮ್ಮೆ ಬರುತ್ತದೆ, ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯದಲ್ಲಿ. ಈ ಸಲ ಅಲ್ಲಿರುವವನು ಯೇಸುವಿನ ಶಿಷ್ಯ ಪೇತ್ರ, ಯೇಸು ಒಮ್ಮೆ ‘ಯೋನನ ಮಗನಾದ ಸೀಮೋನನೇ’ ಎಂದು ಕರೆದಿದ್ದ ಅದೇ ಪೇತ್ರ. ಅವನು ಇಳಿದುಕೊಂಡಿದ್ದ ಮನೆ ಸಮುದ್ರದ ಬಳಿಯಿದ್ದ ಸೀಮೋನನೆಂಬ ಇನ್ನೊಬ್ಬನದು, ಕಸುಬಿನಲ್ಲಿ ತೊಗಲು ಹದಮಾಡುವವನು. ಸತ್ತ ಪ್ರಾಣಿಗಳ ಚರ್ಮ ಮುಟ್ಟುವ, ದುರ್ವಾಸನೆಯ ಈ ಕಸುಬನ್ನು ಯೆಹೂದ್ಯರು ಕೀಳಾಗಿ ಕಾಣುತ್ತಿದ್ದರು; ನಮ್ಮ ನಾಡಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂದರೆ ಪೇತ್ರನು ಒಂದು ಹೊಸ್ತಿಲನ್ನು ಆಗಲೇ ದಾಟಿದ್ದ. ತೊಗಲಿನವನ ಮನೆಯಲ್ಲಿ ಉಂಡು ಮಲಗುತ್ತಿದ್ದವನಿಗೂ ಕೈಸರೈಯದಲ್ಲಿದ್ದ ಕೊರ್ನೇಲ್ಯನೆಂಬ ರೋಮ್ ಸೈನ್ಯದ ಶತಾಧಿಪತಿಯ ಮನೆಯ ಹೊಸ್ತಿಲು ಉಳಿದಿತ್ತು. ಒಂದು ಹೊಸ್ತಿಲು ದಾಟಿದವರು ತಮಗೆ ಪೂರ್ವಗ್ರಹವೇ ಇಲ್ಲವೆಂದು ತಿಳಿಯುವುದನ್ನು ನಾನು ಬಹಳ ನೋಡಿದ್ದೇನೆ.

ಮಾಳಿಗೆಯ ಮೇಲೆ ಹಸಿವಿನಲ್ಲಿದ್ದ ಪೇತ್ರನಿಗೆ ದರ್ಶನದಲ್ಲಿ ಆಕಾಶದಿಂದ ಜೋಳಿಗೆಯಂತೆ ಇಳಿದ ಬಟ್ಟೆ, ಅದರೊಳಗೆ ಯೆಹೂದ್ಯರು ಅಶುದ್ಧವೆಂದು ತಿನ್ನದ ಪ್ರಾಣಿಗಳು, ಕೊಯ್ದು ತಿನ್ನೆಂಬ ಶಬ್ದ, ಬೇಡವೇ ಬೇಡ ಸ್ವಾಮೀ ಎಂಬ ಅವನ ಮಾತು, ಇವು ನಿಮಗೆ ಗೊತ್ತಿರುವ ಕಥೆ. ದೇವರು ಶುದ್ಧಮಾಡಿದ್ದನ್ನು ನೀನು ಹಾಗೆನ್ನಬಾರದು ಎಂದು ಉತ್ತರ ಬರುವಲ್ಲಿ ನಮ್ಮ ಹಳೆಯ ಕನ್ನಡ ಬೈಬಲು ಬಳಸಿರುವ ಪದ ‘ಹೊಲೆ’. ಒಂದು ಸಮುದಾಯದ ಹೆಸರಿಗೇ ಈ ನಾಡು ಅಂಟಿಸಿಟ್ಟ ಆ ಪದವನ್ನು ಪೀಠದ ಮೇಲೆ ನಿಂತು ಓದುವಾಗ ನನ್ನ ದನಿ ತಾನಾಗಿಯೇ ತಗ್ಗುತ್ತಿತ್ತು, ಮುಂದೆ ಕುಳಿತವರಲ್ಲಿ ಕೆಲವರು ತಲೆ ತಗ್ಗಿಸುತ್ತಿದ್ದರು, ಕೆಲವರು ನನ್ನನ್ನು ನೆಟ್ಟಗೆ ನೋಡುತ್ತಿದ್ದರು. ಆ ನೋಟವೂ ಪ್ರಸಂಗದ ಭಾಗವೇ ಆಗಿತ್ತೆಂದು ಈಗ ಅನ್ನಿಸುತ್ತದೆ.

ಶಬ್ದ ಮೂರು ಸಲ ಆಯಿತು. ಅಷ್ಟಾದರೂ ಪೇತ್ರನಿಗೆ ಅರ್ಥವಾಗಲಿಲ್ಲ. ಅವನು ಕಳವಳಪಡುತ್ತಿರುವಾಗಲೇ ಕೊರ್ನೇಲ್ಯನ ಆಳುಗಳು ಬಾಗಿಲಿಗೆ ಬಂದರು, ಅವನು ಅವರನ್ನು ಒಳಗೆ ಕರೆದು ಸತ್ಕರಿಸಿ, ಮರುದಿನ ಹೊರಟು, ಅದರ ಮರುದಿನ ಕೈಸರೈಯವನ್ನು ಮುಟ್ಟಿದನು. ಸುಮಾರು 50 ಕಿಲೋಮೀಟರ್ ದಾರಿ, ದಾವಣಗೆರೆಯಿಂದ ಚಿತ್ರದುರ್ಗಕ್ಕಿಂತ ಸ್ವಲ್ಪ ಕಡಿಮೆ. ಅಲ್ಲಿ ಮನೆ ತುಂಬ ಜನರನ್ನು ಕೂಡಿಸಿಕೊಂಡು ಕಾದಿದ್ದವರ ಮುಂದೆ ಅವನು ಆಡಿದ ಮೊದಲ ಮಾತೇ ಒರಟಾಗಿದೆ: ಅನ್ಯಜನರ ಮನೆಗೆ ಬರುವುದು ಯೆಹೂದ್ಯರಿಗೆ ನಿಷಿದ್ಧವೆಂದು ನಿಮಗೇ ಗೊತ್ತಲ್ಲ ಎನ್ನುತ್ತಾನೆ. ಊಟಕ್ಕೆ ಕರೆದವರ ಮನೆಯಲ್ಲಿ ನಿಂತು, ನಿಮ್ಮ ಮನೆಗೆ ನಾನು ಬರುವವನಲ್ಲ ಎಂದಂತೆ. ದೇವರು ಪಕ್ಷಪಾತಿಯಲ್ಲವೆಂದು ಈಗ ನನಗೆ ತಿಳಿದುಬಂದಿದೆ ಎಂಬ ಮಾತು ಅವನ ಬಾಯಲ್ಲಿ ಬಂದದ್ದು ಅದಾದ ಮೇಲೆ, ಕೊರ್ನೇಲ್ಯನ ಮಾತನ್ನು ಕೇಳಿದ ಮೇಲೆ, ಅವನ ಮನೆಯ ಒಳಗೆ. ಯೊಪ್ಪದ ಮಾಳಿಗೆಯ ಮೇಲೆ ತಿಳಿಯದೆ ಹೋದದ್ದು ಕೈಸರೈಯದ ನಡುಮನೆಯಲ್ಲಿ ತಿಳಿಯಿತು. ಮನಸ್ಸು ಮೊದಲೋ ಹೆಜ್ಜೆ ಮೊದಲೋ ಎಂಬ ನಿಮ್ಮ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಇದು.

ಯೆರೂಸಲೇಮಿಗೆ ಹಿಂತಿರುಗಿದಾಗ ಅವನ ಮೇಲೆ ಬಂದ ದೂರನ್ನೂ ಗಮನಿಸಿ. ಅನ್ಯರಿಗೆ ಸುವಾರ್ತೆ ಸಾರಿದೆ ಎಂದು ಯಾರೂ ಜಗಳವಾಡಲಿಲ್ಲ. ಅವರ ಸಂಗಡ ಊಟ ಮಾಡಿದೆ ಎಂದು ಜಗಳವಾಡಿದರು. ಸಾರಿ ಬರುವುದಕ್ಕೆ ಯಾವ ಕಾಲದಲ್ಲಿಯೂ ಅಡ್ಡಿಯಿಲ್ಲ, ಮೇಷ್ಟ್ರೇ. ಕಪ್ಪುಹಲಗೆ, ಹಾಡು, ಬಾಯಿಪಾಠ ಎಲ್ಲವನ್ನೂ ನೀವು ಚೆನ್ನಾಗಿ ಮಾಡಿ ಬರಬಹುದು, ನಿಮ್ಮ ಮನೆಯವರು ಮೆಚ್ಚಲೂಬಹುದು. ವಿಷಯ ಟೀಯಲ್ಲಿದೆ.

ಈಗ ನನ್ನ ಕಥೆ. ಸುಮಾರು 40 ವರ್ಷಗಳ ಹಿಂದೆ ಹರಿಹರದ ಕಡೆಯ ಹಳ್ಳಿಯೊಂದಕ್ಕೆ ತಿಂಗಳಿಗೆರಡು ಸಲ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದೆ. ಬಸ್ಸಿಳಿದಲ್ಲಿದ್ದ ಕೈಪಂಪಿನಲ್ಲಿ ಬಾಟಲಿ ತುಂಬಿಸಿಕೊಂಡು ಹೋಗಿ, ಕೇರಿಯಲ್ಲಿ ಯಾರಾದರೂ ನೀರು ಕೊಟ್ಟರೆ ಡಾಕ್ಟರು ಹೊರಗಿನ ನೀರು ಬೇಡವೆಂದಿದ್ದಾರೆ ಎನ್ನುತ್ತಿದ್ದೆ. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಒಂದು ದಿನ ಕೂಟ ಮುಗಿದ ಮೇಲೆ ಮನೆಯ ಅಜ್ಜಿ ಬಾಟಲಿಯ ಕಡೆ ನೋಡಿ, ‘ಅಯ್ನೋರೆ, ಖಾಲಿ ಆಗಿದ್ರೆ ಕೊಡ್ರಿ, ತುಂಬಿಸ್ಕೊಡ್ತೀನಿ. ನಾವೂ ಅದೇ ಪಂಪಿನ ನೀರೇ ತರೋದು’ ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು. ಬಾಟಲಿಯನ್ನು ಕೊಟ್ಟೆ. ಅವತ್ತು ನನ್ನ ಮನಸ್ಸು ಬದಲಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆ ನೀರನ್ನು ಗಂಟಲಿನಲ್ಲಿಳಿಸಲು ಕಷ್ಟಪಟ್ಟೆ. ಐದಾರು ತಿಂಗಳಾದ ಮೇಲೆ ಒಂದು ಸಲ ಅವರ ಮನೆಯಲ್ಲಿ ರೊಟ್ಟಿ ತಿಂದು ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ, ಇವತ್ತು ನನಗೆ ಏನೂ ಅನ್ನಿಸಲೇ ಇಲ್ಲವಲ್ಲ ಎಂದು ನೆನಪಾಯಿತು.

ಹೀಗೆ ಮಾಡಿ. ಬರುವ ಭಾನುವಾರ ಅವರು ಕೊಡುವವರೆಗೆ ಕಾಯದೆ ನೀವೇ ಒಂದು ಲೋಟ ನೀರು ಕೇಳಿ. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದ ಹೆಂಗಸಿನೊಂದಿಗೆ ಯೇಸು ಮಾತು ತೆಗೆದದ್ದು ಉಪದೇಶದಿಂದಲ್ಲ, ಕುಡಿಯಲು ನೀರು ಕೊಡು ಎಂದು ಕೇಳುವುದರಿಂದ. ಟೀ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು, ನಾನು ಟೀ ಕುಡಿಯುತ್ತೇನೆ ಎಂಬ ಒಂದು ವಾಕ್ಯದಲ್ಲಿ ತಿದ್ದಿಕೊಳ್ಳಿ. ಅದಕ್ಕಿಂತ ಮುಂದೆ ಹೋಗಿ ನಿಮ್ಮ ಒಳಗಿನದನ್ನೆಲ್ಲ ಅವರ ಮುಂದೆ ತೋಡಿಕೊಂಡು ಅಳಬೇಡಿ. ನಿಮ್ಮ ಭಾರ ಇಳಿದು ಅದು ಅವರ ಹೆಗಲಿಗೆ ಬೀಳುತ್ತದೆ, ಅವರ ಮನೆಯಲ್ಲಿ ಅವರೇ ನಿಮ್ಮನ್ನು ಸಮಾಧಾನಪಡಿಸಬೇಕಾಗುತ್ತದೆ. ಆ ಅರಿಕೆಯನ್ನು ನಿಮ್ಮ ಸಭಾಪಾಲಕರ ಬಳಿ ಮಾಡಿ. ಸಾಧ್ಯವಾದರೆ ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಪೇತ್ರನ ಸಂಗಡ ಆರು ಮಂದಿ ಸಹೋದರರು ಹೋಗಿದ್ದರು, ಮುಂದೆ ದೂರು ಬಂದಾಗ ಅವರೇ ಸಾಕ್ಷಿಯಾದರು. ಮತ್ತು ಒಮ್ಮೆ ಗೆದ್ದೆನೆಂದು ನೆಮ್ಮದಿಯಾಗಬೇಡಿ. ಇದೇ ಪೇತ್ರನು ಮುಂದೆ ಅಂತಿಯೋಕ್ಯದಲ್ಲಿ, ಯೆರೂಸಲೇಮಿನಿಂದ ಕೆಲವರು ಬಂದೊಡನೆ, ಅನ್ಯಜನರ ಪಂಕ್ತಿಯಿಂದ ಎದ್ದು ಬೇರೆಯಾದನು, ಪೌಲನು ಅವನನ್ನು ಮುಖಾಮುಖಿಯಾಗಿ ಎದುರಿಸಬೇಕಾಯಿತು. ನಿಮ್ಮ ನೆಂಟರು ಕಾಲೊನಿಗೆ ಬಂದ ದಿನ ನೀವು ಎಲ್ಲಿ ಕುಳಿತಿರುತ್ತೀರಿ ಎಂಬುದನ್ನು ಈಗಲೇ ಯೋಚಿಸಿಟ್ಟುಕೊಳ್ಳಿ.

ನಿಮ್ಮ ಅಜ್ಜಿಯನ್ನು ಹಳಿಯಬೇಡಿ. ಅವರಿಗೆ ಸತ್ಯವೇದವನ್ನು ಓದಿ ಹೇಳಿದವರು ಆ ಹತ್ತನೆಯ ಅಧ್ಯಾಯವನ್ನು ಹೇಗೆ ಓದಿದರೋ, ಓದಿದರೋ ಇಲ್ಲವೋ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಆಟೊ ಓಡಿಸುತ್ತೇನೆ. ಸಭೆಯ ಯುವಕರ ಸಂಘವನ್ನು ನೋಡಿಕೊಳ್ಳಬೇಕೆಂದು ನನ್ನನ್ನು ಕರೆದಿದ್ದಾರೆ. ಆದರೆ ನಮ್ಮಲ್ಲಿ ಮುಂದಿನ ಬೆಂಚುಗಳು ಹಳೆಯ ಮನೆತನಗಳಿಗೆ, ಕರ್ತನ ಭೋಜನದ ಸಾಲಿನಲ್ಲಿಯೂ ಅವರೇ ಮೊದಲು. ನನ್ನ ಮದುವೆಗೆ ಬಂದ ಆ ಮನೆಗಳವರು ಕವರು ಕೊಟ್ಟು ಊಟಕ್ಕೆ ನಿಲ್ಲದೆ ಹೋದರು. ಈಗ ಅವರ ಮಕ್ಕಳನ್ನೇ ನಾನು ನಡೆಸಬೇಕಂತೆ. ಅವರನ್ನು ಕಂಡರೆ ಮೈ ಉರಿಯುತ್ತದೆ. ಇದು ನನ್ನ ಪೂರ್ವಗ್ರಹವೇ?
(ಒಬ್ಬ ಓದುಗ, ದಾವಣಗೆರೆ)

ಉತ್ತರ: ಊಟ ಬಿಟ್ಟು ಹೋದವರ ಮೇಲಿನ ನೋವು ಪೂರ್ವಗ್ರಹವಲ್ಲ. ಕಂಡದ್ದನ್ನು ಕಂಡಂತೆ ಹೇಳಿದ್ದೀರಿ. ದಮಸ್ಕದ ಅನನೀಯನೆಂಬ ಶಿಷ್ಯನಿಗೆ, ಎದ್ದು ನೆಟ್ಟನೆ ಬೀದಿಗೆ ಹೋಗಿ, ಕ್ರೈಸ್ತರನ್ನು ಹಿಂಸಿಸುತ್ತಿದ್ದ, ಮುಂದೆ ಪೌಲನೆನಿಸಿದ ಸೌಲನ ಮೇಲೆ ಕೈಯಿಡು ಎಂದು ಅಪ್ಪಣೆಯಾದಾಗ, ಕರ್ತನೇ, ಆ ಮನುಷ್ಯನು ನಿನ್ನ ಜನರಿಗೆ ಎಷ್ಟೋ ಕೇಡು ಮಾಡಿದ್ದಾನೆಂದು ಕೇಳಿದ್ದೇನೆ ಎಂದು ಅವನು ಎದುರು ಮಾತಾಡಿದನು. ಆ ಮಾತು ಸುಳ್ಳೆಂದು ಕರ್ತನು ಹೇಳಲಿಲ್ಲ, ಹಾಗೆ ಯೋಚಿಸಬಾರದೆಂದೂ ಗದರಿಸಲಿಲ್ಲ. ಅವನನ್ನು ನಾನು ಆರಿಸಿಕೊಂಡಿದ್ದೇನೆ ಎಂಬ, ಅನನೀಯನಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಹೇಳಿ ಕಳುಹಿಸಿದನು. ಅವನು ಹೋಗಿ ‘ಸಹೋದರನಾದ ಸೌಲನೇ’ ಎಂದನು. ಆ ಎರಡು ಪದಗಳಿಗೆ ಅವನು ಎಷ್ಟು ಬೆಲೆ ತೆತ್ತನೆಂಬುದು ನಿಮ್ಮಂಥವರಿಗೆ ನನಗಿಂತ ಚೆನ್ನಾಗಿ ತಿಳಿಯುತ್ತದೆ.

ನಿಮ್ಮದು ಪೂರ್ವಗ್ರಹವಾಗುವ ಸ್ಥಳ ಮುಂದಿದೆ, ಆ ಮನೆಗಳ ಹುಡುಗರಲ್ಲಿ. ನಿಮ್ಮ ಮದುವೆಯ ದಿನ ಅವರಲ್ಲಿ ಹಲವರು ಚಿಕ್ಕವರಿದ್ದಿರಬೇಕು. ಅಪ್ಪ ಎದ್ದುಹೋದದ್ದಕ್ಕೆ ಮಗನ ಮೇಲೆ ಮೈ ಉರಿದರೆ, ಹುಟ್ಟಿದ ಮನೆಯನ್ನು ನೋಡಿ ಮನುಷ್ಯನನ್ನು ಅಳೆಯುವ ಅವರ ಕೋಲನ್ನೇ ನೀವು ಕೈಗೆತ್ತಿಕೊಂಡಂತೆ.

ಕ್ಷಮಿಸಿ ಮರೆತುಬಿಡಿ ಎಂದು ನಾನು ಬರೆಯುವುದಿಲ್ಲ. ನೊಂದವರಿಗೆ ಆ ಮಾತನ್ನು ಬೇಗ ಹೇಳುವವರು ಸಾಮಾನ್ಯವಾಗಿ ಮುಂದಿನ ಬೆಂಚಿನವರೇ. ಹೊಣೆಯನ್ನು ಒಪ್ಪಿಕೊಳ್ಳಿ, ಒಪ್ಪಿಕೊಳ್ಳುವಾಗಲೇ ಬೆಂಚಿನ ಮಾತನ್ನೂ ಭೋಜನದ ಸಾಲಿನ ಮಾತನ್ನೂ ಸಭಾಪಾಲಕರ ಮುಂದೆ, ಹಿರಿಯರ ಸಭೆಯ ಮುಂದೆ ಇಡಿ. ನಿಮ್ಮ ಮದುವೆಯ ವಿಷಯ ತೆಗೆಯಬೇಕಾಗಿಲ್ಲ. ಯಾಕೋಬನ ಪತ್ರದ ಎರಡನೆಯ ಅಧ್ಯಾಯದಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೆಯ ಸ್ಥಳ, ಬಡವನಿಗೆ ಕಾಲ ಬಳಿ ಎಂದು ಸಭೆಯಲ್ಲಿ ಕೂಡಿಸುವುದರ ಬಗ್ಗೆ ನೇರವಾಗಿ ಬರೆದಿದೆ, ಅದನ್ನು ಓದಿ ಕುಳಿತುಕೊಳ್ಳಿ. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಕ್ರೈಸ್ತರಾದವರಿಗೆ ಇಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಿದರು. ಕ್ರೈಸ್ತರಲ್ಲಿ ಜಾತಿಯಿಲ್ಲ ಎಂಬುದು ಕ್ರೈಸ್ತರನ್ನು ಹೊರಗಿಟ್ಟದ್ದರ ಪರವಾಗಿ ಹೇಳುವ ವಾದ. ಕಚೇರಿಯಲ್ಲಿ ನಿಮಗೆ ಇಲ್ಲವೆಂದ ಜಾತಿಯನ್ನು ಭೋಜನದ ಸಾಲಿನಲ್ಲಿ ಎತ್ತಿ ತೋರಿಸುವ ಸಭೆ, ಎರಡು ಕಡೆಯ ನಷ್ಟವನ್ನೂ ನಿಮ್ಮ ತಲೆಗೇ ಕಟ್ಟುತ್ತಿದೆ. ಇದನ್ನು ಹಿರಿಯರಿಗೆ ಹೇಳಲು ನಿಮಗೆ ಅಂಜಿಕೆಯಿದ್ದರೆ ಈ ಪುಟವನ್ನು ಕತ್ತರಿಸಿ ಕೊಡಿ.

ಪ್ರಶ್ನೆ: ನಾವು ಪ್ರಾಟೆಸ್ಟೆಂಟರು. ಕಾಲೇಜಿನಲ್ಲಿ ಓದುವ ನನ್ನ ಮಗಳು ಸೆಪ್ಟೆಂಬರ್ 8ರ ಹಬ್ಬದಲ್ಲಿ ಹರಿಹರದ ಆರೋಗ್ಯ ಮಾತೆಯ ದೇವಾಲಯಕ್ಕೆ ಬರುವ ಯಾತ್ರಿಕರಿಗೆ ನೀರು ಕೊಡುವ ಸೇವೆಗೆ ಗೆಳತಿಯರ ಜೊತೆ ಹೋಗಬೇಕೆನ್ನುತ್ತಾಳೆ, ದೇವರು ತನ್ನನ್ನು ಕರೆದಿದ್ದಾನೆ ಎನ್ನುತ್ತಾಳೆ. ನಮ್ಮ ಪದ್ಧತಿಗೆ ಹೊಂದದ ಜಾಗಕ್ಕೆ ಕಳುಹಿಸುವುದು ಸರಿಯೇ?
(ಒಬ್ಬ ತಾಯಿ, ಹರಿಹರ)

ಉತ್ತರ: ಕಳುಹಿಸಿ, ತಾಯೀ. ಮರಿಯಳ ವಿಷಯದಲ್ಲಿ ನಮಗೂ ಅವರಿಗೂ ಇರುವ ಬೋಧನೆಯ ಭೇದ ನಿಜವಾದದ್ದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನಿಮ್ಮ ಮಗಳು ಕೇಳುತ್ತಿರುವುದು ಬಾಯಾರಿದವರಿಗೆ ನೀರು ಕೊಡಲು ಅಪ್ಪಣೆ. ನಮ್ಮ ಜೊತೆಯವನಲ್ಲದ ಒಬ್ಬನು ನಿನ್ನ ಹೆಸರಿನಲ್ಲಿ ದೆವ್ವ ಬಿಡಿಸುವುದನ್ನು ಕಂಡು ಅಡ್ಡಿಮಾಡಿದೆವು ಎಂದು ಯೋಹಾನನು ಹೆಮ್ಮೆಯಿಂದ ಹೇಳಿದಾಗ, ಅಡ್ಡಿಮಾಡಬೇಡಿ, ನಮ್ಮನ್ನು ಎದುರಿಸದವನು ನಮ್ಮ ಪಕ್ಷದವನೇ ಎಂದು ಯೇಸು ಹೇಳಿದನು. ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ಆ ಮಾತಿನ ಬೆನ್ನಿಗೇ ಬರುವುದು ಒಂದು ಲೋಟ ನೀರಿನ ಮಾತು. ಆ ಹಬ್ಬಕ್ಕೆ ಹಿಂದೂಗಳೂ ಮುಸಲ್ಮಾನರೂ ಬರುತ್ತಾರೆ, ಅವರೆಲ್ಲರಿಗೂ ಆಗುವ ಬಾಯಾರಿಕೆ ಒಂದೇ. ಮಗಳಿಗೆ ತಲೆಗೊಂದು ಬಟ್ಟೆ ಕಟ್ಟಿಕೊಳ್ಳಲು ಹೇಳಿ, ತನಗೂ ಒಂದು ಬಾಟಲಿ ನೀರು ಇಟ್ಟುಕೊಳ್ಳಲಿ. ಬೇರೆಯವರಿಗೆ ಕೊಡುವ ಭರದಲ್ಲಿ ಹುಡುಗಿಯರು ಕುಡಿಯಲು ಮರೆತುಬಿಡುತ್ತಾರೆ.